ಎರಡು ಸಲ ಬರೆದುಕೊಟ್ಟ ಖುಲಾಸೆ

ನಾನು ನನ್ನ ಚಿಕ್ಕಪ್ಪನಿಗೆ ಎರಡು ಸಲ ಖುಲಾಸೆ ಪತ್ರ ಬರೆದುಕೊಟ್ಟಿದ್ದೇನೆ. ಮೊದಲನೆಯದು ಮದುವೆಗೆ ಮುಂಚೆ, ಹೊಸ ಸೀರೆಯ ಸಂಭ್ರಮದಲ್ಲಿ, ಒಂದು ಸಾಲನ್ನೂ ಓದದೆ. ಎರಡನೆಯದು ಈಚೆಗೆ, ತಲೆ ನರೆತ ಮೇಲೆ, ಕನ್ನಡಕ ಹಾಕಿಕೊಂಡು, ಪ್ರತಿ ಸಾಲನ್ನೂ ಓದಿ. ಎರಡರಲ್ಲೂ ಇದ್ದದ್ದು ಹೆಚ್ಚುಕಡಿಮೆ ಒಂದೇ ಮಾತು: ನನ್ನ ಆಸ್ತಿಯನ್ನು ನೋಡಿಕೊಂಡ ವಿಚಾರದಲ್ಲಿ ಚಿಕ್ಕಪ್ಪನ ಮೇಲೆ ಇನ್ನು ನನ್ನದೇನೂ ತಕರಾರಿಲ್ಲ. ಮೊದಲನೆಯದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ ಅಂತ ವಕೀಲರು ಹೇಳಿದರು. ಯಾಕೆ ನಿಲ್ಲುವುದಿಲ್ಲ ಅಂತ ನನಗೆ ಮನದಟ್ಟಾದದ್ದು ಮಾತ್ರ ಅದನ್ನು ಬರೆಸಿಕೊಂಡ ಚಿಕ್ಕಪ್ಪನ ಬಾಯಿಂದಲೇ.

ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರು. ಬಿಸಿಲಲ್ಲಿ ನಿಂತು ಸೀಟಿ ಊದಿ ಊದಿ ಗಂಟಲೂ ಬಣ್ಣವೂ ಎರಡೂ ಕೆಟ್ಟಿವೆ. ಸಿಟ್ಟು ಮಾತ್ರ ಹುಟ್ಟಿದಾಗಿನಿಂದ ಜೊತೆಗಿದ್ದದ್ದು, ಅದಕ್ಕೆ ನೌಕರಿಯನ್ನು ದೂರುವ ಹಾಗಿಲ್ಲ. ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವುದಕ್ಕೂ ಮೊದಲು ನಾನು ಕೂಗುತ್ತೇನೆ ಅಂತ ನನ್ನ ಗಂಡ ಬಂದವರೆದುರಿಗೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ. ಕೂಗುವವರು ಒಳಗೊಳಗೇ ಕುದಿಯುವುದಿಲ್ಲ ಅನ್ನೋದು ನನ್ನ ಸಮಾಧಾನ. ಆದರೆ ಈ ಗದ್ದೆಯ ವಿಷಯದಲ್ಲಿ ನಾನೂ ಒಂದು ವರ್ಷ ಕುದ್ದೆ.

ನನ್ನ ಊರು ಭಾರತೀನಗರಕ್ಕೂ ಚಿಕ್ಕರಸಿನಕೆರೆಗೂ ನಡುವೆ ಬರುತ್ತದೆ. ಭಾರತೀನಗರ ಅಂತ ಬಸ್ಸಿನ ಬೋರ್ಡಿನಲ್ಲಿ ಇರುತ್ತದೆಯೇ ಹೊರತು ನಾವೆಲ್ಲ ದೊಡ್ಡಿ ಅಂತಲೇ ಕರೆಯುವುದು. ಅವ್ವ ನನ್ನನ್ನು ಹೆತ್ತು ಬಾಣಂತಿ ಕೋಣೆಯಿಂದ ಈಚೆಗೆ ಬರಲಿಲ್ಲ. ಅಪ್ಪ ನಾನು ಸ್ಕೂಲಿಗೆ ಸೇರುವ ಮುಂಚೆ ಕಾಮಾಲೆಯಾಗಿ ತೀರಿಕೊಂಡ. ಆಮೇಲೆ ತಾತ ಊರ ಹಿರಿಯರನ್ನು ಗದ್ದೆಯ ಬದುವಿನ ಮೇಲೆ ಕೂರಿಸಿ, ಇದ್ದ ಜಮೀನನ್ನು ಎರಡು ಭಾಗ ಮಾಡಿದನಂತೆ. ದೊಡ್ಡ ಮಗನ ಭಾಗ ನನಗೆ, ಚಿಕ್ಕ ಮಗನ ಭಾಗ ಚಿಕ್ಕಪ್ಪನಿಗೆ. ಕೂಸು ದೊಡ್ಡದಾಗುವ ತನಕ ಅದರ ಪಾಲನ್ನು ನೀನೇ ನೋಡಿಕೋ, ಆಮೇಲೆ ಅದರ ಕೈಗೆ ಕೊಡು ಅಂತ ಚಿಕ್ಕಪ್ಪನಿಗೆ ಹೇಳಿದ್ದ. ಕಾಗದ ಪತ್ರ ಏನೂ ಇಲ್ಲ. ಹತ್ತು ಜನರೆದುರು ಬಾಯಿಬಿಟ್ಟು ಹೇಳಿದರೆ ಆಗ ಅದೇ ಕಾಗದ. ಮಾರನೇ ವರ್ಷ ತಾತನೂ ಹೋದ.

ಚಿಕ್ಕಪ್ಪ ಚಿಕ್ಕವ್ವ ನನ್ನನ್ನು ಹೇಗೆ ಸಾಕಿದರು ಅಂತ ಯಾರಾದರೂ ಕೇಳಿದರೆ ನನಗೆ ಉತ್ತರವೇ ಹೊಳೆಯುವುದಿಲ್ಲ. ಬೇರೆ ಥರ ಸಾಕಿದ್ದರೆ ತಾನೇ ವಿವರಿಸುವುದು? ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ನಾನು ಎಲ್ಲರಿಗಿಂತ ದೊಡ್ಡವಳಾದ್ದರಿಂದ ಮೊದಲ ಮುದ್ದೆ ನನ್ನ ತಟ್ಟೆಗೆ ಬೀಳುತ್ತಿತ್ತು, ಮೊದಲ ಏಟೂ ನನಗೇ. ಹೈಸ್ಕೂಲಿಗೆ ದೊಡ್ಡಿಗೆ ಚಿಕ್ಕಪ್ಪನೇ ಸೈಕಲ್ ಮೇಲೆ ಬಿಟ್ಟು ಬರುತ್ತಿದ್ದ. ಕಬ್ಬಿನ ಗಾಡಿಗಳು ರಸ್ತೆ ಕಟ್ಟಿಕೊಂಡು ನಿಂತ ದಿನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಗದ್ದೆ ಬದುವಿನ ಮೇಲೆ ನಡೆಯುತ್ತಿದ್ದ, ನಾನು ಹಿಂದೆ ಓಡುತ್ತಿದ್ದೆ. ನನಗೆ ಓಟದ ಅಭ್ಯಾಸವಾದದ್ದು ಅಲ್ಲೇ ಇರಬೇಕು.

ಪಿಟಿ ಕಾಲೇಜಿಗೆ ಸೇರುತ್ತೇನೆ ಅಂದಾಗ ಊರಲ್ಲಿ ನಕ್ಕವರೇ ಎಲ್ಲ. ಹೆಣ್ಣು ಹುಡುಗಿ ಚಡ್ಡಿ ಹಾಕಿಕೊಂಡು ಎಗರಾಡುವುದನ್ನು ದುಡ್ಡು ಕೊಟ್ಟು ಕಲಿಯುವುದೇ ಅಂತ. ಅರಳಿಕಟ್ಟೆಯ ಮೇಲೆ ಕೂತಿದ್ದವರಿಗೆ ಚಿಕ್ಕಪ್ಪ ಹೇಳಿದ ಮಾತು ಈಗಲೂ ಊರಲ್ಲಿ ಓಡಾಡುತ್ತದೆ. “ಎಗರಾಡೋಳ್ಗೆ ಎಗರಾಡೋ ಕೆಲ್ಸಾನೇ ಸಿಕ್ಲಿ ಬುಡ್ರಲಾ, ನಿಮ್ಗೇನ್ ಕಷ್ಟ,” ಅಂದಿದ್ದನಂತೆ. ಇವತ್ತು ನಾನು ತಿನ್ನುತ್ತಿರುವ ಅನ್ನ ಆ ಮಾತಿನದು.

ಮೊದಲ ಖುಲಾಸೆಯ ದಿನ ಹೀಗೆ. ಮದುವೆ ಗೊತ್ತಾಗಿತ್ತು. ಗಂಡು ಮಳವಳ್ಳಿಯವರು, ಗುಮಾಸ್ತಿಕೆಯ ನೌಕರಿ. ಚಿಕ್ಕಪ್ಪ ನನ್ನನ್ನು ಮದ್ದೂರಿಗೆ ಕರೆದುಕೊಂಡು ಹೋದ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರನ ಹತ್ತಿರ ಕಾಗದ ಆಗಲೇ ತಯಾರಾಗಿತ್ತು. ನಿನ್ನ ಗದ್ದೆಯ ಖಾತೆ ನಿನ್ನ ಹೆಸರಿಗೆ ಆಗಿದೆ, ನಿನ್ನ ಪಾಲು ನಿನಗೆ ಬಂತು, ಇನ್ನು ನನ್ನ ಮೇಲೆ ಏನೂ ಇಲ್ಲ ಅಂತ ಒಂದು ಸಹಿ ಹಾಕು ಅಂದ. ಹಾಕಿದೆ. ಕಚೇರಿಯಲ್ಲಿ ರಿಜಿಸ್ಟರೂ ಆಯಿತು. ಅಲ್ಲಿಂದ ಸೀರೆ ಅಂಗಡಿಗೆ, ಸೀರೆ ಅಂಗಡಿಯಿಂದ ಹೋಟೆಲಿಗೆ. ನನಗೆ ಮಸಾಲೆ ದೋಸೆ ಹೇಳಿ ತಾನು ಬರೀ ನೀರು ಕುಡಿದ. ಉಳಿಸುತ್ತಿದ್ದಾನೆ ಪಾಪ, ಮದುವೆ ಖರ್ಚು ಅಂದುಕೊಂಡೆ.

ನನ್ನ ಹೆಸರಿಗೆ ಬಂದದ್ದು ಕೊನೆಯ ಗದ್ದೆ. ನಾಲೆಯ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ನಾಲೆಯಿಂದ ತೂಬಿನಲ್ಲಿ ನೀರು ಬಿಟ್ಟಾಗ ತೂಬಿನ ಬಾಯಿಗಿರುವ ಗದ್ದೆ ಮೊದಲು ಕುಡಿಯುತ್ತದೆ. ಆಮೇಲೆ ಅದರ ಕೆಳಗಿನದು, ಆಮೇಲೆ ಇನ್ನೂ ಕೆಳಗಿನದು. ಕೊನೆಗೆ ಇರುವ ಗದ್ದೆಗೆ ಮಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಅಳತೆಗೆ ಎರಡೂ ಸಮವೇ. ತೂಬಿನ ಗದ್ದೆಯವನು ಭತ್ತ ಕೊಯ್ದು ಕಬ್ಬಿಗೆ ಕೈ ಹಾಕುವ ಹೊತ್ತಿಗೆ ಕೊನೆ ಗದ್ದೆಯವನು ರಾಗಿ ಚೆಲ್ಲಿ ಆಕಾಶ ನೋಡುತ್ತಿರುತ್ತಾನೆ. ತೂಬಿನ ಗದ್ದೆ ಚಿಕ್ಕಪ್ಪನದು, ಕೊನೆ ಗದ್ದೆ ನನ್ನದು ಅಂತಲೇ ನಾನು ನಂಬಿದ್ದೆ. ಅಪ್ಪನ ಹಣೆಬರಹದಲ್ಲಿ ಒಳ್ಳೆಯದು ಯಾವುದಿತ್ತು, ಗದ್ದೆ ಒಳ್ಳೆಯದಿರಲು? ಆ ಗದ್ದೆಯನ್ನೂ ಚಿಕ್ಕಪ್ಪನೇ ಉಳುತ್ತಿದ್ದ, ಬೆಳೆದದ್ದರಲ್ಲಿ ನನ್ನ ಭಾಗವನ್ನು ಮೂಟೆ ಕಟ್ಟಿ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ.

ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋಗುತ್ತಿದ್ದೆ. ಚಿಕ್ಕವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ, ಮೇಲೊಂದು ಸೀರೆ. ತುಂಬಿಸಿಕೊಂಡವಳು ಏಳುವ ಮೊದಲು ಒಂದು ಹಿಡಿ ಅಕ್ಕಿಯನ್ನು ತವರಿನ ಮೊರಕ್ಕೆ ವಾಪಸ್ ಹಾಕಬೇಕು, ತವರು ಬರಿದಾಗಬಾರದು ಅಂತ. ನನ್ನ ಸೀರೆ ಯಾವಾಗಲೂ ತಂಗಿಯರ ಸೀರೆಗಿಂತ ಒಂದು ಕೈ ಮೇಲೇ ಇರುತ್ತಿತ್ತು. ತಂಗಿಯರು ರೇಗುತ್ತಿದ್ದರು, ನಾನು ಬೀಗುತ್ತಿದ್ದೆ. ಮಡಿಲು ತುಂಬುವಾಗ ಚಿಕ್ಕಪ್ಪ ಒಳಗೆ ಇರುತ್ತಿರಲಿಲ್ಲ, ದನದ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ. ಹೆಂಗಸರ ಶಾಸ್ತ್ರ ಅಂತ ದೂರ ಇದ್ದಾನೆ ಅಂತಲೇ ನನ್ನ ಲೆಕ್ಕ.

ವಿಷಯ ಹೊರಗೆ ಬಿದ್ದದ್ದು ಬೀಗರೂಟದ ದಿನ. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ತನ್ನ ಮಗಳ ಮದುವೆ ಮಾಡಿದ್ದ. ಮಂಡ್ಯ ಕಡೆಯ ಬೀಗರೂಟ ಅಂದರೆ ಉಂಡವರು ಸಂಜೆಯ ತನಕ ಮೇಲೇಳುವ ಸ್ಥಿತಿಯಲ್ಲಿರುವುದಿಲ್ಲ. ನಾನು ಶಾಮಿಯಾನದ ಪಕ್ಕದ ಜಗುಲಿಯ ಮೇಲೆ ಕೂತಿದ್ದೆ. ನಮ್ಮ ಗದ್ದೆಗಳಲ್ಲಿ ಹಿಂದೆ ನಾಟಿ ಹಾಕುತ್ತಿದ್ದ ಒಬ್ಬ ಮುದುಕಿ ಬಂದು ಪಕ್ಕದಲ್ಲಿ ಕೂತಳು. ಎಲೆ ಅಡಿಕೆ ಹಾಕಿಕೊಂಡು ಅಪ್ಪನ ಸುದ್ದಿ ಎತ್ತಿದಳು. ನಾಟಿ ದಿನ ಅಪ್ಪ ತೂಬಿನ ಹತ್ತಿರ ನಿಂತುಕೊಂಡು ಎಲ್ಲರಿಗೂ ಪಾನಕ ಕೊಡುತ್ತಿದ್ದನಂತೆ. ತೂಬಿನ ಗದ್ದೆ ಚಿಕ್ಕಪ್ಪನದಲ್ಲವಾ ಅಂದೆ.

“ಯಾವ ಚಿಕ್ಕಪ್ಪುಂದವ್ವ? ನಿಮ್ ತಾತ ಪಾಲು ಮಾಡ್ದಾಗ ನಾನೂ ಅಲ್ಲೇ ಕಳೆ ಕೀಳ್ತಿದ್ದೆ. ತೂಬಿಂದು ನಿನ್ಗೆ ಕಣವ್ವ,” ಅಂದಳು. ಅಂದವಳು ನನ್ನ ಮುಖ ನೋಡಿ, ಯಾಕೋ ಬಾಯಿ ಜಾರಿತು ಅಂತ ತಿಳಿದು, ಸೊಂಟ ಹಿಡಿದುಕೊಂಡು ಎದ್ದು ಹೋದಳು. ಆಮೇಲೆ ಎಷ್ಟು ಸಲ ಅವಳ ಮನೆ ಬಾಗಿಲಿಗೆ ಹೋದರೂ ತನಗೇನೂ ನೆನಪಿಲ್ಲ ಅಂದುಬಿಟ್ಟಳು. ಅವಳು ಅದೇ ಊರಲ್ಲಿ ಬಾಳಬೇಕಾದವಳು, ತಪ್ಪು ಹೇಳುವುದಿಲ್ಲ.

ಚಿಕ್ಕಪ್ಪನನ್ನು ನೇರವಾಗಿ ಕೇಳಬಹುದಿತ್ತಲ್ಲ ಅಂತ ನನ್ನ ಗಂಡ ಅವತ್ತಿಂದ ಇವತ್ತಿನವರೆಗೆ ಹೇಳುತ್ತಿದ್ದಾರೆ. ಬೀದಿಗೆಲ್ಲ ಕೇಳುವಂತೆ ಕೂಗುವ ನನಗೆ ಆ ಒಂದು ಪ್ರಶ್ನೆ ಗಂಟಲಿಂದ ಮೇಲೆ ಬರಲಿಲ್ಲ. ಹೌದು ಅಂದುಬಿಟ್ಟರೆ? ನನಗಿದ್ದದ್ದು ಒಂದೇ ತವರು. ಗದ್ದೆ ಹೋದರೆ ನೌಕರಿ ಇದೆ, ಪಿಂಚಣಿ ಬರುತ್ತದೆ. ಸೈಕಲ್ ಹೊತ್ತುಕೊಂಡು ಬದುವಿನ ಮೇಲೆ ನಡೆದವನು ನನ್ನ ಬಾಯಿಂದ ತುತ್ತು ಕಿತ್ತವನು ಅಂತಾದರೆ, ನನಗೆ ಅಪ್ಪ ಅವ್ವ ಇಬ್ಬರೂ ಇನ್ನೊಂದು ಸಲ ಸತ್ತ ಹಾಗೆ. ಅದಕ್ಕೇ ಅವನ ಹತ್ತಿರ ಹೋಗುವ ಬದಲು ಮಂಡ್ಯಕ್ಕೆ ವಕೀಲರ ಹತ್ತಿರ ಹೋದೆ.

ವಕೀಲಳು ನನ್ನ ಹಳೆಯ ವಿದ್ಯಾರ್ಥಿನಿ, ಖೋಖೋ ತಂಡದ ನಾಯಕಿಯಾಗಿದ್ದವಳು. ಆಗ ಕಂಬ ಸುತ್ತಿದ ಹಾಗೆಯೇ ಈಗ ಕೋರ್ಟು ಸುತ್ತುತ್ತಾಳೆ. ಮದ್ದೂರಿನಿಂದ ತೆಗೆಸಿದ ಖುಲಾಸೆ ಪತ್ರದ ನಕಲನ್ನು ಓದಿ, ನೀವು ಸಹಿ ಹಾಕಿದಾಗ ನಿಮಗೆ ಏನು ಗೊತ್ತಿತ್ತು ಅಂತ ಕೇಳಿದಳು. ಏನೂ ಗೊತ್ತಿರಲಿಲ್ಲ ಅಂದೆ. ಹಾಗಾದರೆ ಈ ಕಾಗದವನ್ನು ಕಂಡು ಹೆದರಬೇಡಿ ಅಂದಳು. ಯಾರ ಕೈಗೆ ನಂಬಿ ಆಸ್ತಿ ಕೊಟ್ಟಿರುತ್ತಾರೋ ಅವನು ಬರೆಸಿಕೊಂಡ ಖುಲಾಸೆಯನ್ನು ಕೋರ್ಟು ಬೇರೆ ಕಾಗದಗಳ ಥರ ನೋಡುವುದಿಲ್ಲವಂತೆ. ಸಹಿ ಹಾಕುವವಳಿಗೆ ತಾನು ಯಾವ ತಪ್ಪನ್ನು ಮನ್ನಿಸುತ್ತಿದ್ದೇನೆ ಅನ್ನೋದು ಪೂರ್ತಿ ಗೊತ್ತಿರಬೇಕು, ಅದನ್ನು ತಿಳಿಸುವ ಹೊಣೆ ನಂಬಿಕೆ ಹೊತ್ತವನದೇ. ಅವನ ಮನೆಯಲ್ಲಿ ಬೆಳೆದು, ಅವನ ಅನ್ನ ಉಂಡು, ಅವನು ತೋರಿಸಿದ ಕಡೆ ಸಹಿ ಹಾಕಿದ ಹುಡುಗಿಯ ವಿಷಯದಲ್ಲಂತೂ ಇನ್ನೂ ಗಟ್ಟಿಯಾಗಿ ಕೇಳುತ್ತಾರೆ.

ನನಗೆ ಆಗ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಮುದುಕಿ ಸಾಕ್ಷಿ ಹೇಳುವುದಿಲ್ಲ, ಹಿರಿಯರೆಲ್ಲ ಸತ್ತಿದ್ದಾರೆ, ಬಾಯಿಮಾತಿನ ಪಾಲನ್ನು ಸಾಬೀತು ಮಾಡುವುದು ಹೇಗೆ ಅನ್ನೋದು ಒಂದು. ಎರಡನೆಯದು, ಗೊತ್ತಿಲ್ಲದಷ್ಟು ದಿನ ಒಂದು ಲೆಕ್ಕ, ಗೊತ್ತಾದ ಮೇಲೆ ಇನ್ನೊಂದು ಲೆಕ್ಕ. ಗೊತ್ತಾದ ದಿನದಿಂದ ಕಾಯಿದೆಯ ಗಡಿಯಾರ ಓಡುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ, ಅವರು ಕೊಟ್ಟದ್ದನ್ನು ಮೊದಲಿನ ಹಾಗೇ ತೆಗೆದುಕೊಳ್ಳುತ್ತಿದ್ದರೆ, ಒಪ್ಪಿಕೊಂಡಿದ್ದಾರೆ ಅಂತ ವಾದ ಮಾಡಬಹುದು. ಕೊನೆಗೆ, “ಮೇಡಂ, ಈ ಗೌರಿಗೆ ಊರಿಗೆ ಹೋಗ್ಬೇಡಿ,” ಅಂದಳು.

ನಾನು ಸೀಟಿ ಊದುವವಳ ದನಿಯಲ್ಲಿ ಯಾಕೆ ಅಂತ ಕೇಳಿದೆ. ಆಚೆ ಕೂತಿದ್ದ ಕಕ್ಷಿದಾರರು ತಿರುಗಿ ನೋಡಿದರು. ಅವಳು ಸಮಾಧಾನವಾಗಿಯೇ ಇದ್ದಳು. ಮಡಿಲು ತುಂಬಿಸಿಕೊಂಡು ಬಂದಿರಿ ಅನ್ನಿ, ನಾಳೆ ಅದನ್ನೇ ಎತ್ತಿ ಆಡುತ್ತಾರೆ ಅಂದಳು. ಕಾಯಿದೆ ನನ್ನ ಸೆರಗಿನೊಳಗೂ ಕೈ ಹಾಕಬಹುದು ಅಂತ ನನಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಆ ವರ್ಷ ಹೋಗಲಿಲ್ಲ. ಹಬ್ಬದ ದಿನ ಚಿಕ್ಕವ್ವ ಫೋನ್ ಮಾಡಿದಳು, ಜ್ವರ ಅಂತ ಸುಳ್ಳು ಹೇಳಿದೆ. ಕಷಾಯ ಮಾಡುವುದು ಹೇಗೆ ಅಂತ ಅವಳು ಬಹಳ ಹೊತ್ತು ಹೇಳಿದಳು. ಫೋನಿಟ್ಟು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಹಬ್ಬ ಕಳೆದ ಮೇಲೆ ನೋಟಿಸು ಹೋಯಿತು. ಅದಕ್ಕೆ ಉತ್ತರವೂ ಬಂತು. ಬರೆಸಿದ್ದು ತಮ್ಮ, ಚಿಕ್ಕಪ್ಪನ ಪರವಾಗಿ. ತೂಬಿನ ಗದ್ದೆಯಲ್ಲಿ ದುಡಿಯುತ್ತಿರುವವನು ಅವನು, ಅದು ಹೋದರೆ ಅವನ ಮನೆಯೊಲೆ ಅರ್ಧ ಆರಿದ ಹಾಗೆ, ಹೆದರಿಕೊಂಡದ್ದು ಸಹಜ. ಯಾವ ತಪ್ಪೂ ಆಗಿಲ್ಲ, ಪೂರ್ತಿ ತಿಳಿದೇ ಸಹಿ ಮಾಡಿದ್ದಾರೆ ಅಂತೆಲ್ಲ ಇತ್ತು. ಅದನ್ನೆಲ್ಲ ನಿರೀಕ್ಷಿಸಿದ್ದೆ. ಕೊನೆಯಲ್ಲಿ ಇನ್ನೊಂದು ಮಾತಿತ್ತು. ಸದರಿಯವರು ಪ್ರತಿ ವರ್ಷ ಗೌರಿ ಹಬ್ಬದಲ್ಲಿ ಸೀರೆ, ಅಕ್ಕಿ, ಕೊಬ್ಬರಿ ಮುಂತಾದವನ್ನು ಸದರಿ ಖುಲಾಸೆಗೆ ಪ್ರತಿಫಲವಾಗಿ ತಕರಾರಿಲ್ಲದೆ ಸ್ವೀಕರಿಸುತ್ತಾ ಬಂದಿರುತ್ತಾರೆ ಅಂತ.

ಓದಿದ ಮೇಲೆ ಕೂಗುವುದಕ್ಕೂ ಶಕ್ತಿ ಇರಲಿಲ್ಲ. ಗದ್ದೆ ತೆಗೆದುಕೊಂಡದ್ದನ್ನು ನುಂಗಿಕೊಂಡರೂ ನುಂಗಿಕೊಳ್ಳುತ್ತಿದ್ದೆನೇನೋ. ಚಿಕ್ಕವ್ವ ಮಡಿಲಿಗೆ ಹಾಕಿದ ಅಕ್ಕಿಯನ್ನು ಬೆಲೆ ಅಂತ ಬರೆದುಬಿಟ್ಟರೆ ನನ್ನ ಪಾಲಿಗೆ ಏನು ಉಳಿಯಿತು?

ಒಂದು ಭಾನುವಾರ ಬೆಳಗ್ಗೆ ಮಳವಳ್ಳಿಯ ಮನೆಯಲ್ಲಿ ಹುರುಳಿಕಾಳು ಬೇಯಲು ಇಟ್ಟು ಅಂಗಳ ತೊಳೆಯುತ್ತಿದ್ದೆ. ಗೇಟಿನ ಹತ್ತಿರ ಚಿಕ್ಕಪ್ಪ ನಿಂತಿದ್ದ. ದೊಡ್ಡಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಒಬ್ಬನೇ ಬಂದಿದ್ದ. ಈ ವಯಸ್ಸಿಗೆ ಅವನೊಬ್ಬನನ್ನೇ ಮನೆಯವರು ಕೆರೆ ಏರಿಯ ತನಕವೂ ಕಳಿಸುವುದಿಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅವನ ಕೈ. ಚಿಕ್ಕಪ್ಪ ನನ್ನ ಮನೆಗೆ ಬರುವಾಗ ಒಂದು ಚೀಲ ಇದ್ದೇ ಇರುತ್ತಿತ್ತು, ಅವರೆಕಾಯಿ, ಬೆಲ್ಲದ ಅಚ್ಚು, ಏನೂ ಇಲ್ಲದಿದ್ದರೆ ಕರಿಬೇವು. ಅವತ್ತು ಏನೂ ಇರಲಿಲ್ಲ.

“ಬರಿಗೈಲಿ ಬಂದಿವ್ನಿ ಕಣವ್ವ,” ಅಂದ. “ಏನಾರ ತಂದ್ರೆ ಅದ್ನೂ ಬರ್ಕತಾರೆ.”

ಉತ್ತರದ ನೋಟಿಸು ಕಳಿಸುವಾಗ ಅದರಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಎಲ್ಲ ನಾನು ನೋಡಿಕೊಳ್ಳುತ್ತೇನೆ ಅಂತ ಮಗ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದನಂತೆ. ಆಮೇಲೆ ಅದರ ಪ್ರತಿಯನ್ನು ಮೊಮ್ಮಗಳ ಕೈಲಿ ಓದಿಸಿ ಕೇಳಿದ್ದಾನೆ. ಅಕ್ಕಿ, ಕೊಬ್ಬರಿ ಅನ್ನೋ ಜಾಗ ಬಂದಾಗ ಅಡಿಗೆಮನೆಯಲ್ಲಿದ್ದ ಚಿಕ್ಕವ್ವ ಹೊರಗೆ ಬಂದು, ನಾನು ತುಂಬಿದ ಮಡಿಲಿಗೆ ನೀನು ರೇಟು ಕಟ್ಟಿದೆಯಾ ಅಂತ ಮಗನನ್ನು ಕೇಳಿ, ಅವತ್ತಿಂದ ಅಪ್ಪ ಮಗ ಇಬ್ಬರಿಗೂ ಮಾತಿಲ್ಲದೆ ಊಟ ಬಡಿಸುತ್ತಿದ್ದಾಳಂತೆ.

ಒಳಗೆ ಕರೆದೆ. ಕುರ್ಚಿಯ ಮೇಲೆ ಕೂರಲಿಲ್ಲ, ಹೊಸ್ತಿಲ ಪಕ್ಕ ನೆಲದ ಮೇಲೆ ಕೂತ. ಕೇಳುವ ಮೊದಲೇ ಹೇಳತೊಡಗಿದ. ತಾತ ಸತ್ತ ಮೇಲೆ ಎರಡು ವರ್ಷ ನಾಲೆಯ ನೀರು ಕೊನೆಗೆ ತಲುಪಲೇ ಇಲ್ಲ. ಅವನ ಗದ್ದೆ ಬಾಯಿ ಬಿಟ್ಟುಕೊಂಡಿತ್ತು, ನನ್ನದು ಹಸಿರಾಗಿತ್ತು. ಎರಡನ್ನೂ ಉಳುತ್ತಿದ್ದವನು ಅವನೊಬ್ಬನೇ. ಖಾತೆ ಮಾಡಲು ಬಂದವರು ಯಾವುದು ಯಾರದು ಅಂತ ಕೇಳಿದಾಗ ಕೈಯನ್ನು ಅದಲುಬದಲಾಗಿ ತೋರಿಸಿಬಿಟ್ಟ. ಎರಡು ಬೆಳೆ ತೆಗೆದುಕೊಂಡು ಸರಿ ಮಾಡಿಸಿದರಾಯಿತು ಅಂದುಕೊಂಡಿದ್ದನಂತೆ. ಆಮೇಲೆ ಮಕ್ಕಳಾದವು, ಆಮೇಲೆ ಅಭ್ಯಾಸವಾಯಿತು. ನನ್ನ ಮದುವೆ ಗೊತ್ತಾದಾಗ ಹುಡುಗಿಗೆ ಹೇಳಿಬಿಡು ಅಂತ ಚಿಕ್ಕವ್ವ ಕಾಲು ಹಿಡಿದುಕೊಂಡಿದ್ದಾಳೆ. ಇವನಿಗೆ ಹೇಳುವ ಧೈರ್ಯ ಬರಲಿಲ್ಲ, ಅದರ ಬದಲು ಸಹಿ ಹಾಕಿಸಿಕೊಂಡು ಬಂದ. ಅವತ್ತು ಮದ್ದೂರಿನ ಹೋಟೆಲಿನಲ್ಲಿ ತುತ್ತು ಇಳಿಯುತ್ತಿರಲಿಲ್ಲ ಅಂದ.

ನಾನು ಒಂದನ್ನು ಕಾಯುತ್ತಿದ್ದೆ. ನಿನ್ನ ಕಾಲೇಜಿಗೆ ದುಡ್ಡು ಎಲ್ಲಿಂದ ಬಂತು ಅಂದುಕೊಂಡೆ, ಆ ತೂಬಿನ ಗದ್ದೆಯಿಂದಲೇ ಅಂತ ಹೇಳುತ್ತಾನೆ ಅಂತ. ಹೇಳಿದ್ದರೆ ನಿಜವೇ. ಅವನು ಆ ಮಾತನ್ನು ಎತ್ತಲೇ ಇಲ್ಲ. ಕೊನೆಗೆ ನಾನೇ ತಡೆಯಲಾರದೆ ಎತ್ತಿದೆ.

“ಅದ ಏಳಾಕ್ ಬಂದಿಲ್ಲ ನಾನು,” ಅಂದ. “ಅಣ್ಣನ ಮಗೀನ ಓದ್ಸದು ನನ್ ಕರ್ತವ್ಯ. ಅದ್ಕೂ ಇದ್ಕೂ ಜೋಡುಸ್ಬ್ಯಾಡ. ನಿನ್ ವಕೀಲಮ್ಮನ ತಾವ ಕರ್ಕಂಡೋಗು, ಇವಳಿಗೆ ಒಂದ್ ಮಾತೂ ಏಳ್ದೆ ಸೈನ್ ಆಕುಸ್ಕಂಡೆ ಅಂತ ನಾನೇ ಬರ್ಕೊಡ್ತೀನಿ.”

ಆಗ ನಾನು ಕೂಗಿದೆ. ಎದುರುಮನೆಯವರು ಕಿಟಕಿ ತೆಗೆಯುವಷ್ಟು ಕೂಗಿದೆ. ಇಷ್ಟು ವರ್ಷ ಬಾಯಲ್ಲಿ ಏನಿಟ್ಟುಕೊಂಡಿದ್ದೆ, ನನ್ನನ್ನು ಕುರಿ ಅಂದುಕೊಂಡೆಯಾ, ಕೇಳಿದ್ದರೆ ನಾನೇ ಆ ಗದ್ದೆ ಕೊಡುತ್ತಿರಲಿಲ್ಲವಾ ಅಂತೆಲ್ಲ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಕೂಗಿ ಮುಗಿದ ಮೇಲೆ ಕಾಳು ತಳ ಹತ್ತಿದ ವಾಸನೆ ಬಂತು. ಎದ್ದು ಹೋಗಿ ಒಲೆ ಆರಿಸಿ, ಮುದ್ದೆ ಕಟ್ಟಿ, ಸೀದ ಸಾರಿನಲ್ಲೇ ಬಡಿಸಿದೆ. ಉಂಡ. ಅಪ್ಪನ ಮನೆ ಅಂತ ಒಂದು ಇನ್ನೂ ಇದೆ ಅಂತ ನನಗನ್ನಿಸಿದ್ದು ಅವನು ಎರಡನೇ ಮುದ್ದೆ ಕೇಳಿದಾಗ.

ನನ್ನ ವಕೀಲಳಿಗೆ ಇದನ್ನು ನಂಬುವುದೇ ಕಷ್ಟವಾಯಿತು. ತನ್ನ ಕೈಲಿರುವ ಖುಲಾಸೆಯನ್ನು ತಾನೇ ಬಂದು ಮುರಿಯುವ ಎದುರು ಪಾರ್ಟಿಯನ್ನು ತಾನು ಇದೇ ಮೊದಲು ನೋಡಿದ್ದು ಅಂದಳು. ಸಾಕ್ಷಿ ಯಾರೂ ಇಲ್ಲದ ಕೇಸು ಅದು. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಾನು ಸಾಯುವ ತನಕ ತಾರೀಕುಗಳಿಗೆ ಅಲೆಯುತ್ತಿದ್ದೆ. ಗೆದ್ದಿದ್ದರೂ ಕೋರ್ಟಿನಿಂದ ಗದ್ದೆ ಸಿಗುತ್ತಿತ್ತು, ಚಿಕ್ಕಪ್ಪ ಸಿಗುತ್ತಿರಲಿಲ್ಲ. ಈ ಋಣವನ್ನು ನಾನು ಯಾವ ಕಾಗದದಲ್ಲೂ ತೀರಿಸಲಾರೆ.

ಕೇಸು ಬೇಡ, ಅದಲು ಬದಲು ಪತ್ರ ಮಾಡಿಸಿ ಗದ್ದೆಗಳನ್ನು ಸರಿ ಮಾಡಿಕೊಳ್ಳೋಣ ಅಂತ ತೀರ್ಮಾನವಾಯಿತು. ಇಲ್ಲಿ ಒಂದು ಮಾತು. ನಾನು ತೂಬಿನ ಗದ್ದೆಯನ್ನು ಬಿಟ್ಟುಕೊಡಲಿಲ್ಲ. ಇಟ್ಟುಕೊಳ್ಳಲಿ ಬಿಡು, ಪುಣ್ಯ ಬರುತ್ತೆ ಅಂತ ಹೇಳಿದವರಿದ್ದರು. ನಾನೇನು ದೇವತೆಯಲ್ಲ. ಅದು ನನ್ನಪ್ಪ ನಿಂತು ಪಾನಕ ಕೊಟ್ಟ ಜಾಗ, ನನಗೆ ಬೇಕಿತ್ತು. ಉಳುವವನು ಮಾತ್ರ ತಮ್ಮನೇ, ಅರ್ಧ ವಾರಕ್ಕೆ, ಅಂದರೆ ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ನನಗೆ. ಅವನು ಇವತ್ತಿಗೂ ನನ್ನ ಜೊತೆ ಮಾತನ್ನು ಅಳೆದು ಆಡುತ್ತಾನೆ. ಆಡಲಿ, ಭತ್ತವನ್ನು ಮಾತ್ರ ಸರಿಯಾಗಿ ಅಳೆಯುತ್ತಾನೆ.

ಇಷ್ಟು ವರ್ಷ ಆ ಗದ್ದೆಯಲ್ಲಿ ಬೆಳೆದದ್ದರ ವಿಷಯ ಉಳಿದಿತ್ತು. ಅದಕ್ಕೆ ನಾನು ಖುಲಾಸೆ ಬರೆದುಕೊಡುತ್ತೇನೆ ಅಂದೆ. ಯಾವುದನ್ನು ಅವನು ಉಂಡ, ಯಾವುದನ್ನು ನಾನು ಉಂಡೆ ಅಂತ ಯಾರು ಬೇರೆ ಮಾಡಬಲ್ಲರು? ಹಾಗಾದರೆ ಈ ಸಲ ಗಟ್ಟಿ ಖುಲಾಸೆ ಮಾಡೋಣ ಅಂತ ವಕೀಲಳು ಕೂತಳು. ಏನು ತಪ್ಪು ನಡೆಯಿತು, ಯಾವಾಗ, ಹೇಗೆ, ಯಾರು ಯಾರಿಗೆ ಹೇಳಲಿಲ್ಲ ಅನ್ನೋದನ್ನೆಲ್ಲ ಪತ್ರದಲ್ಲೇ ಬರೆಯಬೇಕು. ಆಮೇಲೆ ಅದಷ್ಟೂ ನನಗೆ ಗೊತ್ತಿದೆ, ಗೊತ್ತಿದ್ದೇ ಬಿಡುತ್ತಿದ್ದೇನೆ ಅಂತ ಬರೆಯಬೇಕು. ಹಾಗೆ ಬರೆದದ್ದೇ ನಿಲ್ಲುವುದು.

ಅವಳು ಬರೆದದ್ದನ್ನು ಚಿಕ್ಕಪ್ಪನಿಗೆ ಓದುತ್ತಾ ಹೋದಳು. ವಯಸ್ಸಾದವನು, ಮೇಡಂ ಅವರ ಚಿಕ್ಕಪ್ಪ ಅಂತ ಮರ್ಯಾದೆಗೆ, ಖಾತೆ ಮಾಡಿಸುವಾಗ ಕಣ್ತಪ್ಪಿನಿಂದ ಸರ್ವೆ ನಂಬರುಗಳು ಅದಲುಬದಲಾಗಿದ್ದು ಅಂತ ಹಾಕಿದ್ದಳು. ಚಿಕ್ಕಪ್ಪ ಕೈ ಎತ್ತಿ ತಡೆದ.

“ಅದ ತೆಗೀರವ್ವ. ಕಣ್ತಪ್ಪಿಲ್ಲ. ಗೊತ್ತಿದ್ದೇ ಮಾಡಿದ್ದು ಅಂತ ಬರೀರಿ.”

ಅವಳು ನನ್ನ ಕಡೆ ನೋಡಿದಳು. ನಾನು ಬರಿ ಅಂತ ಸನ್ನೆ ಮಾಡಿದೆ. ಇಷ್ಟು ಗಟ್ಟಿಯಾಗಿ ಒಪ್ಪಿಕೊಂಡರೆ ನಾಳೆ ಯಾರಾದರೂ ಆಡಿಕೊಳ್ಳಬಹುದು ಅಂತ ಅವಳು ಮೆತ್ತಗೆ ಹೇಳಿದಳು. ಆಡಿಕೊಂಡರೆ ಆಡಿಕೊಳ್ಳಲಿ, ಇಷ್ಟು ದಿನ ಹೊಗಳಿಸಿಕೊಂಡಿದ್ದು ಸಾಕಾಗಿದೆ ಅಂದ. ಅಣ್ಣನ ಮಗಳನ್ನು ಸ್ವಂತ ಮಗಳಿಗಿಂತ ಹೆಚ್ಚಾಗಿ ಸಾಕಿದ ಪುಣ್ಯಾತ್ಮ ಅಂತ ಊರು ಹೊಗಳಿದಾಗಲೆಲ್ಲ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದನಂತೆ.

ಮದ್ದೂರಿನ ಅದೇ ಕಚೇರಿ, ಕಟ್ಟಡ ಮಾತ್ರ ಹೊಸದು. ಈಗ ಪೆನ್ನಿಗಿಂತ ಕ್ಯಾಮೆರಾಕ್ಕೆ ಕೆಲಸ ಜಾಸ್ತಿ, ಮುಖ ತೋರಿಸಬೇಕು, ಹೆಬ್ಬೆಟ್ಟು ಯಂತ್ರದ ಮೇಲೆ ಒತ್ತಬೇಕು. ಗದ್ದೆಯಲ್ಲಿ ಸವೆದ ಚಿಕ್ಕಪ್ಪನ ಬೆರಳನ್ನು ಯಂತ್ರ ಒಪ್ಪದೆ ಮತ್ತೆ ಮತ್ತೆ ಒರೆಸಿ ಒತ್ತಿಸಿದರು. ತಮ್ಮ ಸಾಕ್ಷಿಗೆ ಬಂದಿದ್ದ, ಸಹಿ ಹಾಕಿ ಬೈಕಿನ ಹತ್ತಿರ ಹೋಗಿ ನಿಂತ. ಅಧಿಕಾರಿ ಎಲ್ಲರಿಗೂ ಕೇಳುವ ಹಾಗೆಯೇ ನನ್ನನ್ನೂ ಕೇಳಿದರು, ಓದಿದ್ದೀರಾ, ತಿಳಿದು ಸಹಿ ಮಾಡುತ್ತಿದ್ದೀರಾ ಅಂತ. ಹೌದು ಅಂದೆ. ನನ್ನ ದನಿ ಅಷ್ಟು ಸಣ್ಣಗೆ ಬಂದದ್ದಕ್ಕೆ ನನ್ನ ಗಂಡ ಆಶ್ಚರ್ಯಪಟ್ಟರು.

ಕೆಲಸ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಿಕ್ಕಪ್ಪನೂ ನಾನೂ ಕೂತೆವು. ಮಗನ ಬೈಕು ಹತ್ತಲು ಅವನು ಒಪ್ಪಿರಲಿಲ್ಲ, ಬಸ್ಸಿನಲ್ಲೇ ಹೋಗುತ್ತೇನೆ ಅಂದಿದ್ದ. ನನ್ನ ಗಂಡ ಟೀ ತರಲು ಹೋಗಿದ್ದರು. ಚಿಕ್ಕಪ್ಪ ಬಸ್ಸುಗಳನ್ನು ನೋಡುತ್ತಾ, ನನ್ನ ಕಡೆ ತಿರುಗದೆ ಮಾತಾಡಿದ.

“ಆವತ್ತು ನೀನು ಬುಟ್ಟಿದ್ದು ನನ್ನಲ್ಲ ಕಣವ್ವ. ಏನೂ ತಪ್ಪು ಮಾಡ್ದೆ ಇರೋ ಯಾವನೋ ಒಬ್ಬ ಚಿಕ್ಕಪ್ಪನ್ನ ಬುಟ್ಟಿದ್ದೆ. ನಾನು ಅಲ್ಲೇ ಉಳ್ಕಂಡಿದ್ದೆ. ನನ್ನ ಬುಟ್ಟಿದ್ದು ಇವತ್ತು.”

ನನ್ನದೂ ಹಾಗೇ ಆಗಿತ್ತು ಅಂತ ಹೇಳಬೇಕೆನಿಸಿತು. ಅಷ್ಟು ವರ್ಷ ನಾನು ಪ್ರೀತಿಸಿದ್ದೂ ಆ ಯಾವನೋ ಒಬ್ಬನನ್ನೇ. ಪಕ್ಕದಲ್ಲಿ ಕೂತಿದ್ದ ಈ ಚಿಕ್ಕಪ್ಪನನ್ನು ನಾನು ಪ್ರೀತಿಸತೊಡಗಿದ್ದು ಅವನು ಬರಿಗೈಲಿ ಗೇಟಿಗೆ ಬಂದ ಮೇಲೆ. ಹೇಳುವಷ್ಟರಲ್ಲಿ ದೊಡ್ಡಿ ಬಸ್ಸು ಬಂತು, ಕೈ ಹಿಡಿದು ಹತ್ತಿಸಿದೆ.